ಉಪ್ಪಿಟ್ಟಿನ ಪರಿಹಾರ

ಬೆಂಗಳೂರಿಂದ ಮಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆ. ಅದಕ್ಕಾಗಿ ಮನೆಯಿಂದ ದೇವನಹಳ್ಳಿಗೆ ಎರಡು ಗಂಟೆ ಟ್ಯಾಕ್ಸಿಯಲ್ಲಿ ಕೂತು ಬಂದಿದ್ದೆ. ಮೊದಲು ನಲವತ್ತು ನಿಮಿಷ ತಡ ಅಂದರು. ಆಮೇಲೆ ಇನ್ನೊಂದು ನಲವತ್ತು. ತಡವನ್ನು ಕಂತಿನಲ್ಲಿ ಕೊಡುವುದೂ ಒಂದು ಕಲೆ. ಒಟ್ಟಿಗೇ ಮೂರು ಗಂಟೆ ಅಂದಿದ್ದರೆ ಎದ್ದು ಬಸ್ಸಿಗೆ ಹೋಗುತ್ತಿದ್ದೆವು, ಅಲ್ವಾ?

ಎರಡು ಗಂಟೆ ದಾಟಿತು. ಕೌಂಟರಿನ ಹುಡುಗಿ ಒಂದು ಕಪ್ ಕೊಟ್ಟಳು. ಒಳಗೆ ಒಣ ಉಪ್ಪಿಟ್ಟು, ಮಡಚಿಟ್ಟ ಪುಟ್ಟ ಚಮಚ. ಬಿಸಿನೀರು ಹೊಯ್ದು ಎಂಟು ನಿಮಿಷ ಮುಚ್ಚಿಡಬೇಕಂತೆ. ಇಲ್ಲೂ ಕಾಯುವುದೇ!

"ಪರಿಹಾರ ಏನಾದ್ರೂ ಕೊಡ್ತೀರೇನಮ್ಮಾ?"

"ಇದೇ ಸರ್."

ಸುಳ್ಳು ಹೇಳಲಿಲ್ಲ ಪಾಪ. ನಮ್ಮಲ್ಲಿ ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ. ಅದರ ನಿಯಮದಲ್ಲಿ ಇಂಥ ಸಣ್ಣ ಪ್ರಯಾಣ 2 ಗಂಟೆ ತಡವಾದರೆ ತಿಂಡಿ. 6 ಗಂಟೆ ಮೀರಿದರೆ ಬೇರೆ ವಿಮಾನ, ಇಲ್ಲವೇ ಟಿಕೆಟ್ ದುಡ್ಡು ವಾಪಸ್. ಬರೀ ತಡಕ್ಕೆ ನಗದು ಇಲ್ಲ.

ಜರ್ಮನಿಯಲ್ಲಿರುವ ಅಕ್ಕನ ಮಗನಿಗೆ ಉಪ್ಪಿಟ್ಟಿನ ಫೋಟೊ ಕಳಿಸಿದೆ. ಅವನು ನಕ್ಕ. ಹೋದ ವರ್ಷ ಫ್ರಾಂಕ್‌ಫರ್ಟಿನಿಂದ ಬರುವಾಗ ಅವನ ವಿಮಾನ ಐದು ಗಂಟೆ ತಡ. 600 ಯೂರೊ ವಸೂಲಿ ಮಾಡಿದ್ದ! ಸುಮ್ನೆ ಸಿಕ್ಕಿದ್ದಲ್ಲ. ಮೊದಲ ಪತ್ರಕ್ಕೆ ಕಂಪನಿ "ಅಸಾಧಾರಣ ಪರಿಸ್ಥಿತಿ" ಅಂತ ಬರೆದು ಕೈತೊಳೆದುಕೊಂಡಿತ್ತು. ಇವನು ಬಿಡಲಿಲ್ಲ. ಬಿರುಗಾಳಿಯಾದರೆ ಸರಿ, ಮಾಮೂಲಿ ಯಂತ್ರದ ತೊಂದರೆ ಆ ಲೆಕ್ಕಕ್ಕೆ ಬರೋದಿಲ್ಲ ಅಂತ ಬೋರ್ಡಿಂಗ್ ಪಾಸ್ ಸಮೇತ ಮತ್ತೆ ಬರೆದ. ಮನೆಯಲ್ಲಿ ಹಾಲಿನ ಬಿಲ್ಲನ್ನೂ ಎತ್ತಿಡದ ಹುಡುಗ ಇವನು.

ಅವನೇ ಇನ್ನೊಂದು ಕಥೆ ಹೇಳಿದ. ಸಾಲ್ಜ್‌ಬರ್ಗಿನಿಂದ ಕಲೋನ್‌ಗೆ ಹೋದ ವಿಮಾನವೊಂದು ನೆಲ ಮುಟ್ಟಿದಾಗ 2 ಗಂಟೆ 58 ನಿಮಿಷ ತಡ. ಓಡಿ ಬಂದು ನಿಂತಾಗ 3 ಗಂಟೆ 3 ನಿಮಿಷ. ಅಲ್ಲಿ ದುಡ್ಡು ಸಿಗೋದು ತಡ 3 ಗಂಟೆ ಮುಟ್ಟಿದರೆ. ಹಾಗಾದರೆ ತಲುಪಿದ್ದು ಯಾವಾಗ? ಕಂಪನಿ ಚಕ್ರ ಹಿಡಿಯಿತು, ಪ್ರಯಾಣಿಕ ಬಾಗಿಲು ಹಿಡಿದ. 2014ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಒಂದು ಬಾಗಿಲಾದರೂ ತೆರೆದಾಗಲೇ ತಲುಪಿದಂತೆ ಅಂದಿತು. ಒಳಗೆ ಬೆಲ್ಟ್ ಕಟ್ಟಿ ಕೂರಿಸಿ, ತಲುಪಿದ್ದೀರಿ ಅಂದರೆ ಯಾರು ಒಪ್ಪುತ್ತಾರೆ?

ಅಷ್ಟರಲ್ಲಿ ನನ್ನ ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು.

ಅಂತೂ ಬಜ್ಪೆಯಲ್ಲಿ ಇಳಿದೆವು. ಎಲ್ಲರೂ ಎದ್ದು ಬ್ಯಾಗು ಎಳೆಯುತ್ತಿದ್ದರೆ ನಾನು ಮಾತ್ರ ಗಡಿಯಾರ ನೋಡುತ್ತಾ ನಿಂತೆ. ಬಾಗಿಲು ತೆರೆಯಿತು. 3 ಗಂಟೆ 4 ನಿಮಿಷ!

"ಸ್ವಲ್ಪ ಮುಂದೆ ಹೋಗಿ ಮಾರಾಯ್ರೆ," ಅಂದರು ಹಿಂದಿನವರು.