ಕೋತಿಗೆ ಬಾಳೆಹಣ್ಣು ಕೊಡ್ಬೇಡಮ್ಮ ಅಂದ್ರೆ

ಹೋದ ತಿಂಗಳು ರಜಕ್ಕೆ ಬೆಂಗ್ಳೂರಿಗೆ ಬಂದಿದ್ದೆ. ಶನಿವಾರ ಅಮ್ಮನ್ನ ಕರ್ಕೊಂಡು ಬನ್ನೇರುಘಟ್ಟದ ಚಂಪಕಧಾಮ ಸ್ವಾಮಿ ದೇವಸ್ಥಾನಕ್ಕೆ ಹೋದ್ವಿ, ತಮ್ಮನ ಮಗಳೂ ಜೊತೆಗಿದ್ಲು. ಹಣ್ಣುಕಾಯಿ ಅಲ್ದೆ ಬೇರೆಯಾಗಿ ಎರಡು ಚಿಪ್ಪು ಏಲಕ್ಕಿ ಬಾಳೆ ಅಮ್ಮ ತಗೊಂಡಾಗ್ಲೇ ಯಾರಿಗೆ ಅಂತ ಗೊತ್ತಾಯ್ತು. ಬೇಡಮ್ಮ ಅಂದೆ. "ಮೂಕ ಪ್ರಾಣಿ ಕಣೋ, ಶನಿವಾರ ಬೇರೆ, ನಿನ್ನ ಸಿಂಗಪುರದ ರೂಲ್ಸೆಲ್ಲ ಇಲ್ಲಿ ತರ್ಬೇಡ" ಅಂದ್ರು.

ಮೊದಲು ಒಂದು ಹೆಣ್ಣು ಕೋತಿ ಬಂತು, ಹೊಟ್ಟೆಗೆ ಮರಿ ಅವುಚ್ಕೊಂಡಿತ್ತು. ಅಮ್ಮನ ಕೈಯಿಂದ ಹಣ್ಣು ಇಸ್ಕೊಂಡು ನಿಧಾನಕ್ಕೆ ಸಿಪ್ಪೆ ಸುಲಿದು ತಿಂತು, ನೋಡೋಕೆ ಚೆಂದಾನೇ ಇತ್ತು. ಅದರ ಹಿಂದೆ ಏಳೆಂಟು ಬಂದ್ವು, ಒಂದು ಗಡವ ನೇರವಾಗಿ ಮಗು ಕೈಲಿದ್ದ ಚಿಪ್ಸ್ ಪ್ಯಾಕೆಟ್‌ಗೆ ಹಾರ್ತು, ಮುಂಗೈ ಮೇಲೆ ಮೂರು ಗೆರೆ ರಕ್ತ. "ದೊಡ್ಡಪ್ಪಾ" ಅಂತ ಅವಳು ಕಿರುಚಿದ್ದು ಇನ್ನೂ ಕಿವೀಲಿದೆ. ಆಮೇಲೆ ರೇಬೀಸ್ ಇಂಜೆಕ್ಷನ್ನು, ಆಸ್ಪತ್ರೆ ಕ್ಯೂ, ಅದ್ರಲ್ಲೇ ಅರ್ಧ ರಜ ಹೋಯ್ತು.

ನಾನು ಸಿಂಗಪುರಕ್ಕೆ ಹೋಗಿ ಹನ್ನೊಂದು ವರ್ಷ ಆಯ್ತು. ಅಲ್ಲೂ ಕೋತಿಗಳಿವೆ, ಉದ್ದ ಬಾಲದವು. ಓಲ್ಡ್ ಅಪ್ಪರ್ ಥಾಮ್ಸನ್ ರಸ್ತೇಲಿ ಒಂದು ಕಾಲದಲ್ಲಿ ಜನ ಕಾರ್ ನಿಲ್ಸಿ ತಿಂಡಿ ಎಸೀತಿದ್ರು, ಕೋತಿಗಳು ರಸ್ತೆ ಬದೀಲೇ ಕಾಯ್ಕೊಂಡಿರ್ತಿದ್ವು. 2019ರಲ್ಲಿ ಅಲ್ಲೊಂದು ನೇಚರ್ ಪಾರ್ಕ್ ಮಾಡಿ ಪಕ್ಕದ ರಸ್ತೇನ ಒಂದೇ ಲೇನಿಗೆ ಇಳಿಸಿದ್ರು, ಮುಸುವಗಳು ಮೇಲಿಂದ ಮೇಲೇ ದಾಟ್ಲಿ ಅಂತ ಹಗ್ಗದ ಸೇತುವೆ ಕಟ್ಟಿದ್ರು. 2020ರ ಜೂನ್ 1ರಿಂದಂತೂ ಇಡೀ ದೇಶದಲ್ಲಿ ಯಾವ ಕಾಡುಪ್ರಾಣಿಗೂ ತಿನ್ನೋಕೆ ಹಾಕೋ ಹಾಗಿಲ್ಲ, ಪಾರಿವಾಳಕ್ಕೂ ಇಲ್ಲ. ಮೊದಲ ಸಲ ಸಿಕ್ಕಿಬಿದ್ರೆ 5,000 ಡಾಲರ್‌ವರೆಗೂ ದಂಡ, ಮತ್ತೆ ಸಿಕ್ರೆ 10,000. ನಾನು ಅಲ್ಲಿ ವಾಕ್ ಹೋದಾಗ ಕೋತಿ ಗುಂಪು ಚಿಗುರು ಕೀಳ್ತಾ, ಅತ್ತಿ ಜಾತಿ ಮರದ ಹಣ್ಣು ತಿಂತಾ ಪಕ್ಕದಲ್ಲೇ ಹೋಗತ್ತೆ, ನನ್ನ ಬ್ಯಾಗಿನ ಕಡೆ ತಿರುಗೀನೂ ನೋಡಲ್ಲ.

ಇಲ್ಲಿ ಬಂದ್ರೆ ಸಿಟ್ಟು ಬರತ್ತೆ. ಅಮ್ಮನ ಲೇಔಟಿನ ವಾಟ್ಸಾಪ್ ಗ್ರೂಪಲ್ಲಿ ದಿನಾ ಕೋತಿ ಕಾಟದ್ದೇ ಮಾತು, ಟ್ಯಾಂಕ್ ಮುಚ್ಚಳ ಕಿತ್ತಾಕ್ತಾವೆ, ಟೆರೇಸ್ ಮೇಲೆ ಹಪ್ಪಳ ಒಣಗಾಕೋ ಹಾಗಿಲ್ಲ, ಎಳನೀರು ಒಂದೂ ಬಿಡಲ್ಲ. ಹಿಡಿದು ಕಾಡಿಗೆ ಬಿಡ್ಸಿ ಅಂತ ಅರ್ಜಿಗೆ ಸಹಿ ಹಾಕಿದವರೇ ಬೆಳಿಗ್ಗೆ ಎದ್ದು ಕಾಂಪೌಂಡ್ ಮೇಲೆ ನೆನ್ನೆ ಚಪಾತಿ ಇಡ್ತಾರೆ! ಕಾಡಲ್ಲಿ ಜಾಗ ಖಾಲಿ ಇರತ್ತಾ, ಅಲ್ಲಿ ಆಗ್ಲೇ ಇರೋ ಗುಂಪು ಸೇರಿಸ್ಕೊಳ್ಳಲ್ಲ, ಕೈತುತ್ತಿಗೆ ಒಗ್ಗಿರೋವು ಪಕ್ಕದ ಹಳ್ಳಿ ತೋಟಕ್ಕೇ ಬೀಳ್ತಾವೆ. ನಮ್ಮ ಈ ಕೋತಿ ದಕ್ಷಿಣ ಭಾರತ ಬಿಟ್ರೆ ಪ್ರಪಂಚದ ಬೇರೆ ಯಾವ ಕಾಡಲ್ಲೂ ಇಲ್ಲ, ಅದನ್ನ ನಾವು ಚಿಪ್ಸ್ ಕಿತ್ಕೊಂಡು ತಿನ್ನೋ ಪ್ರಾಣಿ ಮಾಡಿಟ್ಟಿದೀವಿ. ದಂಡ ಹಾಕ್ಲಿ ಅಂತೀನಿ, ಅಮ್ಮನಿಗೂ ಹಾಕ್ಲಿ.

ಆದ್ರೂ ಸಿಂಗಪುರಾನ ಪೂರ್ತಿ ಹೊಗಳೋಕೆ ಆಗ್ತಿಲ್ಲ. ಅಲ್ಲಿ ಕೊನೇ ಹುಲೀನ 1930ರಲ್ಲೇ ಗುಂಡು ಹೊಡೆದು ಮುಗಿಸಿದ್ರು. 1986ರಲ್ಲಿ ಕಾಡಿನ ಮಧ್ಯೆ ಹೈವೇ ಮಾಡಿ, ಪ್ರಾಣಿಗಳು ದಾಟೋಕೆ ಅಂತ ಅದ್ರ ಮೇಲೆ 62 ಮೀಟರ್ ಸೇತುವೆ ಕಟ್ಟಿದ್ದು 2013ರಲ್ಲಿ. ದೂರು ಜಾಸ್ತಿ ಆದಾಗ ಕೋತಿಗಳನ್ನ ಬೋನಿಟ್ಟು ಹಿಡಿದು ಸಾಯಿಸಿದ್ದೂ ಇದೆ. ಆ ಹಗ್ಗದ ಮೇಲೆ ದಾಟೋ ಮುಸುವ ಇಡೀ ದೇಶದಲ್ಲಿ ನೂರೂ ಇಲ್ಲ. ನಮ್ಮ ರಾಜ್ಯದಲ್ಲಿ 2022ರ ಲೆಕ್ಕಕ್ಕೆ 563 ಹುಲಿ, 2023ರ ಲೆಕ್ಕಕ್ಕೆ 6,395 ಆನೆ, ಇಷ್ಟು ಜನರ ಮಧ್ಯೆ. ರಾತ್ರಿ ಆನೆ ರಾಗಿ ಹೊಲ ತುಳಿದು ಹೋದ್ರೂ ಗಣಪ್ಪ ಬಂದಿದ್ದ ಅಂತ ಕೈ ಮುಗಿಯೋ ರೈತರು ಬನ್ನೇರುಘಟ್ಟದ ಸುತ್ತ ಇನ್ನೂ ಇದಾರೆ. ಮೂಕ ಪ್ರಾಣಿ ಅನ್ನೋ ಅಮ್ಮನ ಮಾತೂ ಅದೇ ಮನಸ್ಸಿಂದ ಬಂದಿದ್ದು, ಅದಿಲ್ದಿದ್ರೆ ಇಷ್ಟೂ ಉಳೀತಿರ್ಲಿಲ್ಲವೇನೋ.

ಮೊನ್ನೆ ಫೋನ್ ಮಾಡಿದ್ರು. "ಈ ಶನಿವಾರ ಹಣ್ಣು ತಗೊಂಡು ಹೋಗ್ಲಿಲ್ಲ ಕಣೋ. ಆ ಮರಿ ಕೋತಿ ನನ್ನ ಕೈನೇ ನೋಡ್ತಾ ಕೂತಿತ್ತು, ಮನೇಗ್ ಬಂದು ಊಟ ಸೇರ್ಲಿಲ್ಲ" ಅಂದ್ರು. ನಂಗೇನೂ ಹೇಳೋಕಾಗ್ಲಿಲ್ಲ, ಮಗು ಕೈ ವಾಸಿ ಆಯ್ತಾ ಅಂತ ಕೇಳ್ದೆ.