ಹೆಜ್ಜಾರ್ಲೆಗೆ ಮರ ಬಿಟ್ಟುಕೊಟ್ಟವರು

ಕೊಕ್ಕರೆ ಬೆಳ್ಳೂರಿಗೆ ಹೋಗಿ ಹಕ್ಕಿ ಫೋಟೋ ಹಾಕುವ ಗೆಳೆಯರೇ, ಮುಂದಿನ ಸಲ ಕ್ಯಾಮೆರಾವನ್ನು ಮರದ ತುದಿಯಿಂದ ಸ್ವಲ್ಪ ಕೆಳಗಿಳಿಸಿ. ಆ ಹುಣಸೆ ಮರ ಯಾರ ಹಿತ್ತಲಲ್ಲಿದೆ ನೋಡಿ.

ಮದ್ದೂರು ತಾಲ್ಲೂಕಿನ ಈ ಊರಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಮನೆಗಳ ನಡುವೆ. ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಹಿಕ್ಕೆ, ಮೀನಿನ ನಾತ ತಿಂಗಳುಗಟ್ಟಲೆ ಇರುತ್ತದೆ. ಆದರೂ ಊರಿನವರ ಮಾತು ಒಂದೇ: ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಇವು ಬರುತ್ತವೆ ಅಂತ. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನಾಗಿರುತ್ತೆ ಅನ್ನುವ ನಂಬಿಕೆಯೂ ಇದೆ. ಮರದ ಬುಡದಲ್ಲಿ ಗುಂಡಿ ತೋಡಿ, ಬಿದ್ದ ಹಿಕ್ಕೆಗೆ ಕೆರೆ ಮಣ್ಣು ಬೆರೆಸಿ ಗೊಬ್ಬರ ಮಾಡುತ್ತಿದ್ದರು.

ಹೆಜ್ಜಾರ್ಲೆ ಮರಿ ಗೂಡಿನಿಂದ ಬಿದ್ದರೆ ತಾಯಿ ಕೆಳಗಿಳಿದು ಉಣಿಸುವುದಿಲ್ಲ. ನಾಯಿ ಪಾಲಾಗುತ್ತದೆ, ಇಲ್ಲ ಹಸಿವಿನಿಂದ ಸಾಯುತ್ತದೆ. 1990ರ ದಶಕದಲ್ಲಿ ಮೈಸೂರಿನ ಹಕ್ಕಿಪ್ರಿಯರು ಊರಿನ ಹುಡುಗರ ಜೊತೆ ಸೇರಿ ಅಂಥ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡತೊಡಗಿದರು. ಊರಿನ ಹುಡುಗರ ಆ ಗುಂಪೇ ಹೆಜ್ಜಾರ್ಲೆ ಬಳಗ. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಅಷ್ಟು ಹೊತ್ತಿಗೆ ಊರಿನವರು ಎಷ್ಟೋ ತಲೆಮಾರು ಹಕ್ಕಿ ಕಾದಿದ್ದರು, ನೆನಪಿರಲಿ.

ಗೂಡಿರುವ ಮರದ ಹುಣಸೆ ಉದುರಿಸುವಂತಿಲ್ಲ. ಅದಕ್ಕೆ ಅರಣ್ಯ ಇಲಾಖೆ ಮರಕ್ಕಿಷ್ಟು ಅಂತ ಪರಿಹಾರ ಕೊಡುತ್ತದೆ. ನನ್ನ ಪ್ರಕಾರ ಆ ಮೊತ್ತ ಪ್ರತಿ ವರ್ಷದ ಹುಣಸೆ ಧಾರಣೆಯ ಜೊತೆಗೇ ಏರಬೇಕು, ಸುಗ್ಗಿ ಮುಗಿಯುವ ಮೊದಲೇ ಕೈಗೆ ಬರಬೇಕು. ಹಕ್ಕಿ ಇಡೀ ನಾಡಿನದು, ನಷ್ಟ ಮಾತ್ರ ಒಂದು ಮನೆಯದು ಅಂದರೆ ನ್ಯಾಯ ಅಲ್ಲ ಅಲ್ವಾ? ಮನೆ ಕಟ್ಟಲೋ ಮಗಳ ಮದುವೆಗೋ ಅಂತ ಒಬ್ಬರು ಮರ ಕಡಿಸಿದರೆ ಹತ್ತಾರು ಗೂಡು ಹೋಗುತ್ತವೆ. ಅವರನ್ನು ಬೈದು ಏನು ಪ್ರಯೋಜನ?

ಇನ್ನೊಂದು ವಿಷಯ. ಹೆಜ್ಜಾರ್ಲೆ ಮಲಗುವುದು ಬೆಳ್ಳೂರಿನಲ್ಲಿ, ಉಣ್ಣುವುದು ಶಿಂಷಾ ನದಿಯಲ್ಲಿ, ಸುತ್ತಲಿನ ಎಷ್ಟೋ ಕೆರೆಗಳಲ್ಲಿ. 2017ರ ಕೊನೆಯಿಂದ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆ ತುಂಬ ಹುಳು. ಮೀನಿನಿಂದ ಒಳಹೋಗುವ ಹುಳು ಅದು. ಅಂದಮೇಲೆ ಬೆಳ್ಳೂರಿನವರು ಎಷ್ಟೇ ಜೋಪಾನ ಮಾಡಿದರೂ ಸಾಲದು. ಕೆರೆಯ ಮೀನು ಗುತ್ತಿಗೆದಾರರು, ಕೆರೆ ಇರುವ ಪಂಚಾಯಿತಿಗಳು, ಪಶುವೈದ್ಯರು ಎಲ್ಲರೂ ಬೆಳ್ಳೂರಿನವರ ಜೊತೆ ಕೂತು ಮಾತಾಡಬೇಕು.

ಮದ್ದೂರು, ಮಳವಳ್ಳಿ, ಚನ್ನಪಟ್ಟಣದ ಕಡೆಯವರು ಇದ್ದೀರಾ? ನಿಮ್ಮೂರ ಕೆರೆಗೆ ಹೆಜ್ಜಾರ್ಲೆ ಬರುತ್ತಿದ್ದರೆ ಕೆರೆಯ ಹೆಸರು, ನೀರು ಹೇಗಿದೆ ಅನ್ನುವುದನ್ನು ಕೆಳಗೆ ಬರೆಯಿರಿ. ಮೊದಲು ಒಂದು ಪಟ್ಟಿ ಮಾಡೋಣ.