ಅಷ್ಟೊಂದು ಅನುಮಾನವಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದರು

ಪಾರ್ಶ್ವವಾಯು ಹೊಡೆದ ಅಪ್ಪನನ್ನು ಆಸ್ಪತ್ರೆಯಿಂದ ಬಿಟ್ಟ ಮೇಲೆ ಎಲ್ಲಿ ಸೇರಿಸುವುದೆಂದು ನರ್ಸಿಂಗ್ ಹೋಮೊಂದನ್ನು ನೋಡಲು ಅಮ್ಮನೊಂದಿಗೆ ಹೋಗಿದ್ದೆ. ಅಲ್ಲಿ ಒಂದು ಹಾಸಿಗೆಯ ಬಳಿಯಿದ್ದ, ರೋಗಿಯ ಮಗ್ಗುಲು ಬದಲಿಸುವ ಪಟ್ಟಿಯಲ್ಲಿ ರಾತ್ರಿ ಎಂಟು ಗಂಟೆಯ ಸಹಿ ಬೆಳಗ್ಗೆ ಹನ್ನೊಂದಕ್ಕೇ ಬಿದ್ದಿತ್ತು. ಅದೇ ಪೆನ್ನು, ಅದೇ ಓರೆ, ಎರಡೆರಡು ಗಂಟೆಗೊಂದರಂತೆ ಇಡೀ ದಿನದ ಸಹಿಗಳನ್ನು ಯಾರೋ ಒಂದೇ ಉಸಿರಿನಲ್ಲಿ ಹಾಕಿ ಮುಗಿಸಿದ್ದರು. ಪಟ್ಟಿಯ ಪ್ರಕಾರ ಎಡಮಗ್ಗುಲಲ್ಲಿ ಇರಬೇಕಾಗಿದ್ದ ಆ ಹಾಸಿಗೆಯ ಹಿರಿಯರು ಅಂಗಾತ ಮಲಗಿ ಸೂರು ನೋಡುತ್ತಿದ್ದರು. ಅವರನ್ನು ಕರೆಯಬೇಕೆಂದರೂ ಅವರಿಗೆ ದಾರಿ ಇರಲಿಲ್ಲ, ಏಕೆಂದರೆ ಕರೆಗಂಟೆಯ ತಂತಿಯನ್ನು ಸುತ್ತಿ ಅವರ ಕೈಗೆಟುಕದಷ್ಟು ಮೇಲೆ, ಸ್ವಿಚ್ ಬೋರ್ಡಿನ ಬಳಿ ಸಿಕ್ಕಿಸಿಟ್ಟಿದ್ದರು.

ನಾನು ಕೇಳಿದ್ದು ಅದನ್ನೇ, ಅಷ್ಟನ್ನೇ. ಸ್ವಾಗತದ ಮೇಜಿಗೆ ಬಂದು, ದನಿ ಏರಿಸದೆ, "ಸಂಜೆಯ ಸಹಿ ಈಗಲೇ ಹೇಗೆ ಬಂತು, ರಾತ್ರಿ ಪಾಳಿಯಲ್ಲಿ ಈ ಮಹಡಿಗೆ ಎಷ್ಟು ಜನ ನರ್ಸ್‌ಗಳಿರುತ್ತಾರೆ" ಎಂದು ವಿಚಾರಿಸಿದೆ. ವ್ಯವಸ್ಥಾಪಕರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಅಲ್ಲಿ ಕುಳಿತಿದ್ದವರಿಗೆಲ್ಲ ಕೇಳಿಸುವಂತೆ ಹೇಳಿದರು: "ನೋಡಿ ಮೇಡಂ, ಇಲ್ಲಿಗೆ ಬರುವವರೆಲ್ಲ ಮೊದಲು ಹೀಗೇ ಮಾತಾಡುತ್ತಾರೆ. ಆಮೇಲೆ ತಿಂಗಳಿಗೊಮ್ಮೆ ಬಂದು ಬಿಲ್ ಕಟ್ಟಿ ಹೋಗುತ್ತಾರೆ. ಅಷ್ಟೊಂದು ಅನುಮಾನವಿದ್ದರೆ ನಿಮ್ಮ ತಂದೆಯವರನ್ನು ಮನೆಯಲ್ಲೇ ಇಟ್ಟುಕೊಳ್ಳಿ."

ಸೋಫಾದ ಮೇಲಿದ್ದ ಇನ್ನೊಂದು ಕುಟುಂಬದವರು ತಲೆ ತಗ್ಗಿಸಿಕೊಂಡರು. ವೀಲ್‌ಚೇರಿನಲ್ಲಿದ್ದ ಒಬ್ಬ ಅಜ್ಜಿ ನನ್ನನ್ನೇ ದಿಟ್ಟಿಸಿದರು. ನನ್ನ ಬಾಯಿಯಿಂದ ಒಂದು ಮಾತೂ ಹೊರಡಲಿಲ್ಲ. ಅಷ್ಟರಲ್ಲಿ ಅಮ್ಮ ನನ್ನ ಕೈ ಹಿಡಿದೆಳೆದು, "ತಪ್ಪು ತಿಳ್ಕೋಬೇಡಿ ಸಾರ್, ಅವಳಿಗೆ ಅವರಪ್ಪ ಅಂದ್ರೆ ಜೀವ" ಎಂದು ಆ ಮನುಷ್ಯನ ಕ್ಷಮೆ ಕೇಳಿದರು. ಎಪ್ಪತ್ತು ದಾಟಿದ ನನ್ನ ತಾಯಿ, ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ರಾತ್ರಿಗಳನ್ನು ಕಳೆದ ನನ್ನ ತಾಯಿ, ಮಗನ ವಯಸ್ಸಿನವನ ಮುಂದೆ ಕೈ ಜೋಡಿಸಿ ನಿಂತಿದ್ದರು. ವ್ಯವಸ್ಥಾಪಕರು "ಪರವಾಗಿಲ್ಲ ಅಮ್ಮ, ಇವೆಲ್ಲ ನಮಗೆ ಮಾಮೂಲು" ಎಂದು ಅಡ್ವಾನ್ಸ್ ರಸೀದಿಯ ಪುಸ್ತಕವನ್ನು ನಮ್ಮತ್ತ ಸರಿಸಿದರು. ನಾನು ಕೇಳಿದ ಪ್ರಶ್ನೆಗೆ ಉತ್ತರ ಈ ಹೊತ್ತಿಗೂ ಬಂದಿಲ್ಲ.

ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಹೇಳುವುದು ಎಷ್ಟು ಸುಲಭ! ಬಲಗೈ, ಬಲಗಾಲು ಎರಡೂ ಬಿದ್ದುಹೋಗಿರುವ, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಗಂಜಿ ಕುಡಿಯುವ, ಮೂತ್ರಕ್ಕೆ ಕ್ಯಾತಿಟರ್ ಹಾಕಿರುವ ಆಳನ್ನು ಎರಡನೇ ಮಹಡಿಯ, ಲಿಫ್ಟ್ ಇಲ್ಲದ ಬಾಡಿಗೆ ಮನೆಗೆ ಹತ್ತಿಸುವುದು ಹೇಗೆ? ಪಾರ್ಶ್ವವಾಯು ಹೊಡೆದ ಮೇಲಿನ ಮೊದಲ ಮೂರು ತಿಂಗಳಲ್ಲಿ ವ್ಯಾಯಾಮ ಎಷ್ಟು ಸರಿಯಾಗಿ ನಡೆಯುತ್ತದೆಯೋ ಚೇತರಿಕೆಯೂ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿರುತ್ತದೆ ಎಂದು ನ್ಯೂರಾಲಜಿಸ್ಟರೇ ಕೂರಿಸಿಕೊಂಡು ಹೇಳಿದ್ದರಿಂದ ಈ ಜಾಗಗಳನ್ನು ಹುಡುಕಲು ಹೊರಟೆವೇ ಹೊರತು, ಅಪ್ಪ ಭಾರವಾದರು ಎಂದಲ್ಲ. ಇದನ್ನು ನಾನು ಆ ಮೇಜಿನ ಮುಂದೆಯೇ ಹೇಳಬೇಕಿತ್ತು. ಆದರೆ ಅಂಥವರಿಗೆ ಹೇಳಿ ಪ್ರಯೋಜನವಾದರೂ ಏನು?

ಕರಪತ್ರದಲ್ಲಿ "ಸುಸಜ್ಜಿತ ಫಿಸಿಯೋಥೆರಪಿ ವಿಭಾಗ" ಎಂದಿದೆ. ಅಲ್ಲಿ ನಡಿಗೆ ಅಭ್ಯಾಸಕ್ಕೆಂದು ಹಾಕಿರುವ ಜೋಡಿ ಕಂಬಿಗಳ ಮೇಲೆ ಒದ್ದೆ ಬೆಡ್‌ಶೀಟುಗಳನ್ನು ಒಣಹಾಕಿದ್ದರು. ಇಬ್ಬರು ಹುಡುಗರು ಒಬ್ಬ ರೋಗಿಯನ್ನು ಸ್ವಾಧೀನವಿಲ್ಲದ ಕೈಯನ್ನೇ ಹಿಡಿದು ಜಗ್ಗಿ ಎಬ್ಬಿಸುತ್ತಿದ್ದರು. ಹಾಗೆ ಎಳೆದರೆ ಭುಜದ ಕೀಲು ಜಾರುತ್ತದೆ ಎಂಬುದನ್ನು ಆಸ್ಪತ್ರೆಯ ಫಿಸಿಯೋ ನಮಗೆ ಮೊದಲ ದಿನವೇ ಕಲಿಸಿದ್ದರು. ಬೆನ್ನಿನ ಕೆಳಭಾಗದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಟ್ಯೂಬಿನಲ್ಲಿ ಆಹಾರ ಕೊಡುವಾಗ ತಲೆಭಾಗ ಎತ್ತರಿಸಿ, ಇಲ್ಲದಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ ಎಂದೂ ಅವರೇ ಹೇಳಿಕೊಟ್ಟಿದ್ದರು. ಮನೆಮಂದಿಗೆ ಗೊತ್ತಿರುವಷ್ಟಾದರೂ, ತಿಂಗಳಿಗೆ ಅಷ್ಟು ಹಣ ಎಣಿಸಿಕೊಳ್ಳುವವರಿಗೆ ಗೊತ್ತಿರಬಾರದೇ? ಆ ಹಣದಲ್ಲಿ ಡಯಾಪರ್ ಸೇರಿಲ್ಲ, ಔಷಧ ಸೇರಿಲ್ಲ, ಕಫ ತೆಗೆಯುವ ಸಕ್ಷನ್ ಸೇರಿಲ್ಲ, ಎರಡನೇ ಹೊತ್ತಿನ ಫಿಸಿಯೋ ಕೂಡ ಸೇರಿಲ್ಲ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ, 2017ರಲ್ಲಿ ತಿದ್ದುಪಡಿಯೂ ಆಗಿದೆ. ನರ್ಸಿಂಗ್ ಹೋಮ್ ನೋಂದಣಿಯಾಗಿರಬೇಕು, ದರಪಟ್ಟಿಯನ್ನು ಎದ್ದು ಕಾಣುವಂತೆ ಹಾಕಿರಬೇಕು, ದೂರಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು. ದರಪಟ್ಟಿ ಎಲ್ಲಿದೆ ಎಂದು ಕೇಳಿದ್ದಕ್ಕೆ "ಪೇಷೆಂಟ್ ನೋಡಿ ಹೇಳುತ್ತೇವೆ" ಎಂದರು. ದೂರು ಕೊಡುತ್ತೇನೆ, ಖಂಡಿತ ಕೊಡುತ್ತೇನೆ. ಕೊಟ್ಟ ಮರುದಿನ ಅಪ್ಪ ಅದೇ ಹಾಸಿಗೆಯ ಮೇಲಿದ್ದರೆ, ಅವರ ಮಗ್ಗುಲು ಬದಲಿಸುವವರು ಯಾರು ಎಂಬ ಯೋಚನೆ ಬಂದಾಗ ಮಾತ್ರ ಕೈ ಹಿಂದೆ ಸರಿಯುತ್ತದೆ.

ಅಮೆರಿಕದಲ್ಲಿರುವ ತಂಗಿ ಫೋನಿನಲ್ಲಿ ಬಹಳ ಸಮಾಧಾನದಿಂದ, "ಅಕ್ಕ, ಇನ್‌ಸ್ಪೆಕ್ಷನ್ ವರದಿ ನೋಡಿಯೇ ನಿರ್ಧರಿಸು" ಎಂದಳು. ಅಲ್ಲಿ 2008ರಿಂದ ಸರ್ಕಾರವೇ ಪ್ರತಿ ನರ್ಸಿಂಗ್ ಹೋಮಿಗೆ ಒಂದರಿಂದ ಐದು ನಕ್ಷತ್ರ ಕೊಟ್ಟು, ತಪಾಸಣೆಯಲ್ಲಿ ಸಿಕ್ಕ ಲೋಪಗಳನ್ನೂ ಸಿಬ್ಬಂದಿಯ ಪ್ರಮಾಣವನ್ನೂ ಜನರ ಮುಂದಿಡುತ್ತದೆಯಂತೆ. ನಾನು ಯಾವ ವರದಿ ನೋಡಲಿ? ನಮ್ಮಲ್ಲಿ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ಇರುವ 2007ರ ಕೇಂದ್ರ ಕಾಯ್ದೆಗೆ, ಹಿರಿಯರ ಆರೈಕೆ ಕೇಂದ್ರಗಳಿಗೆ ನೋಂದಣಿ ಮತ್ತು ಕನಿಷ್ಠ ಗುಣಮಟ್ಟ ಕಡ್ಡಾಯ ಮಾಡುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಕಾಯ್ದೆಯಾಗಲಿಲ್ಲ. ಹೆತ್ತವರನ್ನು ತೊರೆದ ಮಕ್ಕಳಿಗೆ ಮೂರು ತಿಂಗಳವರೆಗೆ ಜೈಲು ಎಂದು ಅದೇ ಕಾಯ್ದೆ ಹೇಳುತ್ತದೆ. ಮಕ್ಕಳು ಹಣ ಕಟ್ಟಿ ನಂಬಿ ಬಿಟ್ಟುಹೋದ ತಂದೆಯನ್ನು ಹಗಲಿಡೀ ಅಂಗಾತ ಮಲಗಿಸಿ ಸುಳ್ಳು ಸಹಿ ಹಾಕಿದವರಿಗೆ ಏನು ಶಿಕ್ಷೆ? ವಿಮೆಯವರಂತೂ ಪುನರ್ವಸತಿ ಆರೈಕೆಗೆ ಹಣ ಕೊಡುವುದಿಲ್ಲ ಎಂದು ಪಾಲಿಸಿಯಲ್ಲೇ, ಹೊರಗಿಟ್ಟವುಗಳ ಪಟ್ಟಿಯಲ್ಲೇ ಅಚ್ಚು ಹಾಕಿ ಕೈ ತೊಳೆದುಕೊಂಡಿದ್ದಾರೆ.

ಇಂಥ ಕಡೆ ಅಪ್ಪನನ್ನೋ ಅಮ್ಮನನ್ನೋ ಇಟ್ಟಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಉತ್ತರಿಸಿ. ಹೇಳದೆ ಕೇಳದೆ ರಾತ್ರಿ ಹೊತ್ತು ಹೋದರೆ ಒಳಗೆ ಬಿಡುತ್ತಾರೆಯೇ? ಸರಿಯಾದ ತರಬೇತಿ ಪಡೆದ ನರ್ಸ್ ನಿಜವಾಗಿಯೂ ಇರುತ್ತಾರೆಯೇ, ಅಥವಾ ಏಜೆನ್ಸಿಯಿಂದ ಬಂದ, ಹದಿನೈದು ದಿನಕ್ಕೊಮ್ಮೆ ಬದಲಾಗುವ ಹುಡುಗಿಯರಿಗೇ ಬಿಳಿ ಕೋಟು ಹಾಕಿ ನಿಲ್ಲಿಸುತ್ತಾರೆಯೇ? ಆ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿದ್ದ ಒಬ್ಬಳ ಕಣ್ಣು ನಿದ್ದೆಗೆಟ್ಟು ಕೆಂಪಗಾಗಿತ್ತು, ಅವಳಿಗೆ ಎಷ್ಟು ಹಾಸಿಗೆಗಳನ್ನು ವಹಿಸಿದ್ದರೋ.

ಸೋಮವಾರ ಆಸ್ಪತ್ರೆಯಿಂದ ಡಿಸ್ಚಾರ್ಜ್. ಸತ್ತರೂ ಅಲ್ಲಿಗೆ ಸೇರಿಸುವುದಿಲ್ಲ ಎಂದು ಆಟೋದಲ್ಲಿ ಬರುವಾಗ ಅಮ್ಮನಿಗೆ ಹೇಳಿದೆ. ಆದರೆ ದಿನಾ ಹೋಗಿ ಬರುವಷ್ಟು ಹತ್ತಿರದಲ್ಲಿ, ನಮಗೆ ಎಟುಕುವ ದರದಲ್ಲಿ ಖಾಲಿ ಹಾಸಿಗೆ ಇರುವುದು ಅಲ್ಲೊಂದೇ. ನಾಳೆ ಮಧ್ಯಾಹ್ನದೊಳಗೆ ಅಡ್ವಾನ್ಸ್ ಕಟ್ಟದಿದ್ದರೆ ಅದೂ ಬೇರೆಯವರಿಗೆ ಹೋಗುತ್ತದೆ ಎಂದು ಅದೇ ವ್ಯವಸ್ಥಾಪಕರು ವಾಟ್ಸಾಪ್ ಮಾಡಿದ್ದಾರೆ. ರಾತ್ರಿ ಪಾಳಿಯ ಹಾಜರಿ ಪುಸ್ತಕ ತೋರಿಸಿ, ದಿನಕ್ಕೊಮ್ಮೆ ಅಪ್ಪನ ಬೆನ್ನು ನೋಡಲು ನನ್ನನ್ನು ತಡೆಯುವುದಿಲ್ಲ ಎಂದು ಬರೆದುಕೊಡಿ, ಆಮೇಲೆ ಹಣದ ಮಾತು ಎಂದು ಉತ್ತರ ಕಳುಹಿಸಿದ್ದೇನೆ. ಬರೆದುಕೊಡುತ್ತಾರೆ ಎಂಬ ನಂಬಿಕೆ ನನಗಿಲ್ಲ. ಕೊಡದಿದ್ದರೂ ಬಹುಶಃ ಹಣ ಕಟ್ಟುತ್ತೇನೆ.